ಮರಿ ಕೊಟ್ಟ ಮನೆಗಳ ಪಟ್ಟಿ

ಸುಶೀಲಾಬಾಯಿ ದಿನಕ್ಕೆ ಇಪ್ಪತ್ತಾರು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹದಿನಾರು ರೊಟ್ಟಿ ಮನೆಯ ಐದು ಜನರಿಗೆ, ಹತ್ತು ರೊಟ್ಟಿ ಹಿತ್ತಲಿನ ಎರಡು ನಾಯಿಗಳಿಗೆ. ಗ್ಯಾಸ್ ಸಿಲಿಂಡರು ಯಾವಾಗ ಬರುತ್ತದೆಂದು ಡೊಂಬಿವಲಿಯಲ್ಲಿ ಆಗ ದೇವರಿಗೂ ಗೊತ್ತಿರುತ್ತಿರಲಿಲ್ಲ. ಸೀಮೆಎಣ್ಣೆ ಸ್ಟೋವಿನ ಮುಂದೆ ಬೆವರು ಒರೆಸಿಕೊಳ್ಳುತ್ತ ಆಕೆ ಒಂದೊಂದು ರೊಟ್ಟಿಗೆ ಒಂದೊಂದು ಮಾತು ಆಡುತ್ತಿದ್ದಳು.

“ಮಂದಿ ಮನ್ಯಾಗ ಸೊಸ್ತೇರು ಅತ್ತಿಗೆ ಹೆದರ್ತಾರ. ನಾ ನಾಯಿಗೆ ಹೆದರಬೇಕಾಗೇತಿ.”

“ನಾಯಿಗೆ ಎಂಟ ಬಡಿಯವಾ, ಯಾರ್ ಬ್ಯಾಡ ಅಂದಾರು?” ಎಂದು ಅತ್ತೆ ಗಿರಿಜವ್ವ ಕೂತಲ್ಲಿಂದಲೇ ಹೇಳುವಳು.

“ಎಂಟ ಬಡದ್ರ ಉಳಿದ ಎರಡು ಮಾವಾರ ತಾಟಿನಿಂದ ಎದ್ದು ಹೋಗ್ತಾವ್ರಿ.”

ಮಾತು ನಿಜವಾಗಿತ್ತು. ಮಾವ ವಿರುಪಾಕ್ಷಪ್ಪ ತನ್ನ ಪಾಲಿನ ರೊಟ್ಟಿ ಮುರಿದು ಹೆಣ್ಣುನಾಯಿ ಕಾಶಿಗೆ ಹಾಕಿ, ನನಗೆ ಹಸಿವಿಲ್ಲ ಎನ್ನುವ ಮನುಷ್ಯ. ಕಲ್ಯಾಣದ ಯಾರ್ಡಿನಲ್ಲಿ ಮೂವತ್ತು ವರ್ಷ ಹಳಿ ಬದಲಿಸುವ ರೈಲ್ವೆ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದವ. ಊರು ಮುಧೋಳದ ಹತ್ತಿರ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ರಜೆ ಮುಗಿಸಿ ಬರುವಾಗ ಗಾರ್ಡಿನ ಡಬ್ಬಿಯಲ್ಲಿ ಒಂದು ಹೆಣ್ಣುಮರಿ ತಂದಿದ್ದ. ಈಗಿನ ಕಾಶಿ ಅದರ ಮರಿಮಗಳು. ಅವಳ ಜೊತೆಗಾರ ರಾಯನನ್ನು ಲೋಕಾಪುರದಿಂದ ಬೇರೆ ಕುಲ ನೋಡಿ ತಂದದ್ದು. ಉದ್ದ ಕಾಲು, ಒಳಸೇರಿದ ಹೊಟ್ಟೆ, ಚೂಪು ಮುಖದ ಬೇಟೆನಾಯಿಗಳು. ಅವರಿದ್ದ ಸಾಲುಮನೆಗಳ ಚಾಳಿನವರು ಮೊದಮೊದಲು, ಈ ಕಾನಡಿ ಮುದುಕ ನಾಯಿಗಳನ್ನು ಉಪವಾಸ ಕೆಡವಿದ್ದಾನೆ ಎಂದು ಮರುಗಿ ಅನ್ನ ತಂದು ಹಾಕುತ್ತಿದ್ದರು. ದಿನಾ ಬೆಳಗ್ಗೆ ಹಳಿ ದಾಟಿ ಭತ್ತದ ಗದ್ದೆಗಳ ಬದುವಿನಲ್ಲಿ ಅವು ಓಡುವುದನ್ನು ನೋಡಿದ ಮೇಲೆ ಮರುಗುವುದು ಬಿಟ್ಟರು.

ಮರಿಗಳನ್ನು ಆತ ಮಾರುತ್ತಿರಲಿಲ್ಲ. ಮಾರಿದ ಮರಿಯ ಓಟ ಹೋಗುತ್ತದೆ ಎಂದು ಅವನ ಅಪ್ಪ ಹೇಳಿದ್ದನಂತೆ. ಆ ಮಾತು ಇವನಿಗೆ ವೇದ. ಬೇಕಾದವರು ಹೆಂಡತಿಯನ್ನು ಕರೆದುಕೊಂಡು ಬರಬೇಕು. ಮಣೆ ಹಾಕಿ ಕೂರಿಸಿ, ಆಕೆಯ ಸೆರಗಿನಲ್ಲಿ ಗಿರಿಜವ್ವ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು ಹಾಕಿ ಉಡಿ ತುಂಬಬೇಕು. ಆಮೇಲೆ ತಾನೇ ಹೆಣೆದ ಕೆಂಪು ಹಗ್ಗ ಕಟ್ಟಿ ಮರಿ ಕೊಡಬೇಕು. ಹೆಣ್ಣು ಕೊಟ್ಟ ಮನೆಯ ಹಾಗೆಯೇ ಲೆಕ್ಕ. ನಾಗಪಂಚಮಿಗೋ ದೀಪಾವಳಿಗೋ ವಿರುಪಾಕ್ಷಪ್ಪ ಆ ಮನೆಗಳಿಗೆ ಹೋಗಿ ನಾಯಿಯನ್ನು ಮಾತಾಡಿಸಿ ಬರುವನು. ಹೆಗಲ ಮೇಲಿನ ಚುಕ್ಕೆ, ಹುಟ್ಟಿದ ದಿನ, ತಾಯಿ, ತಂದೆ, ಕೊಟ್ಟ ಮನೆಯ ಯಜಮಾನನ ಹೆಸರು, ವಿಳಾಸ—ಎಲ್ಲವನ್ನೂ ಕೆಂಪು ಬಟ್ಟೆಯ ರಟ್ಟಿನ ವಹಿಯಲ್ಲಿ ಬರೆದಿಡುವನು. ಹೆಂಡತಿಯ ಜನ್ಮದಿನ ಗೊತ್ತಿಲ್ಲದವನಿಗೆ ಕಾಶಿಯ ಅಜ್ಜಿಯ ತಿಥಿ ವಾರ ಎಲ್ಲ ಬಾಯಿಪಾಠ.

ಎಂಬತ್ತಾರರ ಮಳೆಗಾಲದಲ್ಲಿ, ಕಾಶಿ ಗಬ್ಬಾದ ಹದಿನೈದು ದಿನಕ್ಕೆ, ಸಾರ್ವಜನಿಕ ನಲ್ಲಿಯ ಹಿಂದಿನ ಗೋಡೆಗೆ ಮುನ್ಸಿಪಾಲಿಟಿಯ ನೋಟೀಸು ಅಂಟಿತು. ಮೊಮ್ಮಗಳು ವೇದಾವತಿ ಕಾಲೇಜಿನಿಂದ ಬರುತ್ತ ಅದನ್ನು ಓದಿಕೊಂಡು ಬಂದು ಅಜ್ಜನಿಗೆ ಹೇಳಿದಳು. ಹೇಳಿದ್ದು ಮರಾಠಿಯಲ್ಲಿ. ಕನ್ನಡ ಎಲ್ಲ ತಿಳಿಯುತ್ತಿತ್ತು, ಬಾಯಿಂದ ಬರುತ್ತಿದ್ದುದು ಮಾತ್ರ ಮರಾಠಿ. ಪ್ರತಿ ನಾಯಿಗೂ ಹಿತ್ತಾಳೆ ಬಿಲ್ಲೆ ಬೇಕು. ಮನೆಗೆ ಎರಡೇ ನಾಯಿ. ಮರಿ ಹಾಕಿಸುವವರು ಬೇರೆ ಪರವಾನಗಿ ಪಡೆಯಬೇಕು. ಪರವಾನಗಿ ಇಲ್ಲದ ಮನೆಯಲ್ಲಿ ಮರಿಗಳಿಗೆ ಎರಡು ತಿಂಗಳು ತುಂಬಿದರೆ ವ್ಯಾನು ಬಂದು ಒಯ್ಯುತ್ತದೆ. ಅಂಥವರಿಂದ ಮರಿ ಪಡೆದವರದೂ ತಪ್ಪೇ.

ರಾತ್ರಿ ಊಟಕ್ಕೆ ಕೂತಾಗ ಮಗ ಅಪ್ಪಾಸಾಹೇಬನ ಎದುರು ಆ ಮಾತು ಬಂತು. ಅವನು ಬೇಲಾಪುರದ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಠಾಣೆಯವರೆಗೆ ಲೋಕಲ್, ಅಲ್ಲಿಂದ ಬಸ್ಸು. ಮನೆಗೆ ಬರುವಷ್ಟರಲ್ಲಿ ಅಂಗಿಯ ಜೊತೆಗೆ ಮನುಷ್ಯನೂ ಮುದುಡಿರುತ್ತಿದ್ದ.

“ಕಾಶೀನ್ನ ಊರಿಗೆ ಕಳಿಸಿಬಿಡ್ರಿ ಅಪ್ಪಾ. ಸರಕಾರಿ ನೌಕರನ ಮನಿ ಬಾಗಿಲಿಗೆ ನೋಟೀಸ್ ಬಂದ್ರ ನಂದೇನ ಗತಿ? ಕೋಪರಖೈರಣೆ ಫ್ಲ್ಯಾಟಿಗೆ ಅರ್ಜಿ ಹಾಕೇನಿ.”

“ಗಬ್ಬಾದಾಕಿನ್ನ ರೈಲಿನ್ಯಾಗ ಕಳಸ್ಲ್ಯಾ? ನಿನ್ನ ಹೇಣ್ತಿನ್ನ ಕಳಿಸಿದ್ಯೇನು?”

“ನನ್ನನ್ನ ನಾಯಿ ಜೋಡಿ ಹಚ್ಚಿ ಮಾತಾಡಬ್ಯಾಡ್ರಿ ಮಾವಾ,” ಎಂದಳು ಸುಶೀಲಾಬಾಯಿ ಸಾರು ಬಡಿಸುತ್ತ.

“ಹಚ್ಚಿದ್ರ ಏನಾತವಾ, ನಾಯಿಗೆ ಒಂದು ಮರ್ಯಾದಿ ಐತಿ.”

ಗಿರಿಜವ್ವನಿಗೆ ನಗು ಬಂತು. ಸೊಸೆಯ ಮುಖ ನೋಡಿ ನುಂಗಿಕೊಂಡಳು. ಅಪ್ಪಾಸಾಹೇಬ ತಾಟು ಬಿಟ್ಟು ಏಳಲಿಲ್ಲ, ಅವನಿಗೆ ಅಷ್ಟು ಧೈರ್ಯವಿರಲಿಲ್ಲ. “ಹಂಗಾದ್ರ ಪರವಾನಗಿಗೆ ಅರ್ಜಿ ಹಾಕ್ರಿ. ನಾ ಫಾರ್ಮ್ ತರ್ತೀನಿ,” ಎಂದು ಉಣ್ಣತೊಡಗಿದ.

ಫಾರ್ಮು ಬಂತು. ನಾಲ್ಕು ಪುಟ. ಭಾನುವಾರ ಅಪ್ಪಾಸಾಹೇಬ ಅಪ್ಪನನ್ನು ಎದುರು ಕೂರಿಸಿಕೊಂಡು ಒಂದೊಂದೇ ಕಲಮು ತುಂಬಿದ. ಹದಿನಾಲ್ಕನೆಯ ಕಲಮಿಗೆ ಬಂದಾಗ ಕ್ಷಣವೂ ಯೋಚಿಸಲಿಲ್ಲ. “ಇಲ್ಲಿವರೆಗೆ ಮರಿ ಪಡೆದವರ ಹೆಸರು, ವಿಳಾಸ. ಇದಕ್ಕ ನಿಲ್.”

“ನಿಲ್ ಅಂದ್ರ?”

“ಏನೂ ಇಲ್ಲ ಅಂತ. ನಮ್ಮ ಆಫೀಸಿನ್ಯಾಗ ಸಂಶಯ ಬಂದಲ್ಲೆಲ್ಲಾ ನಿಲ್ ಬರೀತೀವಿ. ಯಾರೂ ಮುಂದ ಕೇಳಂಗಿಲ್ಲ.”

“ಇಪ್ಪತ್ತೈದು ವರ್ಷ ಮರಿ ಕೊಟ್ಟೇನಿ. ಏನೂ ಇಲ್ಲ ಅಂತ ಬರೀಲ್ಯಾ? ನಾ ಏನ್ ಕದ್ದು ಕೊಟ್ಟೇನೇನು?”

“ಅಪ್ಪಾ, ಇದು ವಂಶಾವಳಿ ಓದೂ ಜಾಗಾ ಅಲ್ಲ. ಅರ್ಜಿ.”

“ನಾಯಿ ವ್ಯಾಪಾರ ಮಾಡಾವ ಅಂತ ತಿಳಕೊಂಡ ಕೇಳ್ಯಾರ. ಯಾರ್ಯಾರಿಗೆ ಕೊಟ್ಟೇನಿ ಅಂತ ನೋಡಿದ್ರ ಅವರಿಗೇ ತಿಳೀತೈತಿ, ಮಾರಾವ ಹೌದೋ ಅಲ್ಲೋ ಅಂತ.”

ಮಗ ನಿಲ್ ಎಂದು ಬರೆದು, ಸಹಿ ಮಾಡಿಸಿ, ಫಾರ್ಮನ್ನು ಟ್ರಂಕಿನ ಮೇಲಿಟ್ಟ. ಮರುದಿನ ಅವನು ಏಳು ಹನ್ನೆರಡರ ಲೋಕಲ್ ಹಿಡಿಯಲು ಹೋದದ್ದೇ ತಡ, ವಿರುಪಾಕ್ಷಪ್ಪ ವಹಿ ತೆಗೆದುಕೊಂಡು ಮೊಮ್ಮಗಳ ಪಕ್ಕ ಕೂತ.

“ಪಣ್ ಅಜ್ಜಾ, ಬಾಬಾ ನಕೋ ಮ್ಹಣಾಲೆ ನಾ,” ಎಂದಳು ವೇದಾವತಿ, ಅಪ್ಪ ಬೇಡ ಎಂದಿದ್ದಾರಲ್ಲ ಎಂದು.

“ನಿಮ್ಮ ಬಾಬಾಗ ಆಫೀಸ್ ಗೊತ್ತು, ನಾಯಿ ಗೊತ್ತಿಲ್ಲ. ಬರಿ.”

ಹುಡುಗಿಯ ಅಕ್ಷರ ಮುತ್ತಿನಂತಿತ್ತು. ನಿಲ್ ಎಂಬುದನ್ನು ಹೊಡೆದುಹಾಕಿ ‘ಪಟ್ಟಿ ಲಗತ್ತಿಸಿದೆ’ ಎಂದು ಬರೆದಳು. ಬೇರೆ ಹಾಳೆಯಲ್ಲಿ ಇಪ್ಪತ್ತಮೂರು ಮನೆಗಳನ್ನು, ನಾಯಿಗಳ ಗುರುತು ಸಮೇತ, ಸಾಲಾಗಿ ಇಳಿಸಿದಳು. ಎಂಟನೆಯದು ಮುಂಬ್ರಾದ ಮಾಪಣ್ಣ, ಕೊನೆಯದು ಕಲ್ಯಾಣ ಸ್ಟೇಶನ್ನಿನ ಬಳಿ ಚಿಕ್ಕ ಹೋಟೆಲು ಇಟ್ಟಿದ್ದ ಮಂಗಳೂರ ಕಡೆಯ ದೇಜಪ್ಪ. ವಿರುಪಾಕ್ಷಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು, ತಾನೇ ಹೋಗಿ ಕೊಟ್ಟು ಬಂದ. ಇಷ್ಟು ಸಂಪೂರ್ಣವಾಗಿ ತುಂಬಿದ ಫಾರ್ಮನ್ನು ತಾನು ನೋಡೇ ಇಲ್ಲ ಎಂದು ಅಲ್ಲಿಯ ಕಾರಕೂನ ಹೊಗಳಿದನಂತೆ. ಮುದುಕ ಬರುವಾಗ ಕಾಲು ಕಿಲೋ ಪೇಡೆ ಕಟ್ಟಿಸಿಕೊಂಡು ಬಂದಿದ್ದ! 

ಮೂರು ವಾರಕ್ಕೆ ಉತ್ತರ ಬಂತು. ಕಾಶಿ, ರಾಯ ಇಬ್ಬರಿಗೂ ಬಿಲ್ಲೆ ಮಂಜೂರು. ವಸತಿ ಪ್ರದೇಶ, ಹಿತ್ತಲಿಗೆ ಸಿಮೆಂಟು ನೆಲವಿಲ್ಲ, ಮೋರಿಯಿಲ್ಲವಾದ್ದರಿಂದ ಮರಿ ಹಾಕಿಸುವ ಪರವಾನಗಿ ನಾಮಂಜೂರು. ಪಟ್ಟಿಯ ವಿಷಯ ಒಂದಕ್ಷರವೂ ಇರಲಿಲ್ಲ. ಅಪ್ಪಾಸಾಹೇಬನಿಗೆ ಹಾಗೊಂದು ಪಟ್ಟಿ ಹೋಗಿದೆಯೆಂದೂ ತಿಳಿದಿರಲಿಲ್ಲ.

ತಿಳಿದದ್ದು ಗಣಪತಿ ಹಬ್ಬದ ಹಿಂದಿನ ಮಂಗಳವಾರ. ಕರಿಗಡಬಿಗೆ ಹೂರಣ ರುಬ್ಬುತ್ತಿದ್ದ ಸುಶೀಲಾಬಾಯಿ ಬಾಗಿಲಲ್ಲಿ ನಿಂತ ದೇಜಪ್ಪನನ್ನು ಮೊದಲು ನೋಡಿದಳು. ಕೈಯಲ್ಲಿ ಕೆಂಪು ಹಗ್ಗವಿತ್ತು. ಹಗ್ಗದ ತುದಿಯಲ್ಲಿ ಏನೂ ಇರಲಿಲ್ಲ.

“ವಿರುಪಾಕ್ಷಪ್ಪನವರು ಉಂಟಾ?”

ಒಳಗಿನಿಂದ ಮುದುಕ ನಗುತ್ತ ಬಂದ. “ಬರ್ರಿ ದೇಜಪ್ಪ, ಬರ್ರಿ. ನಮ್ಮ ಬೊಳ್ಳಿ ಹೆಂಗದಾಳ?”

ಬೊಳ್ಳಿ ಕಾಶಿಯ ಹಿಂದಿನ ಸೂಲಿನ ಮಗಳು. ಬೆಳ್ಳಗಿದ್ದಳೆಂದು ದೇಜಪ್ಪನ ಹೆಂಡತಿ ವಿಮಲಾ ತುಳುವಿನಲ್ಲಿ ಆ ಹೆಸರಿಟ್ಟಿದ್ದಳು.

“ಬೊಳ್ಳಿ ಇಲ್ಲ ಮಾರಾಯ್ರೆ,” ಎಂದ ದೇಜಪ್ಪ. “ಶುಕ್ರವಾರ ವ್ಯಾನು ಬಂತು. ನನ್ನ ಹೆಸರು, ಅಂಗಡಿ ನಂಬ್ರ, ನಾಯಿಯ ಬೆನ್ನಿನ ಚುಕ್ಕೆ ಸಮೇತ ಕಾಗದದಲ್ಲಿ ಉಂಟು ಅವರ ಹತ್ರ. ಬಿಲ್ಲೆ ಎಲ್ಲಿ ಅಂತ ಕೇಳಿದ್ರು. ಬಿಲ್ಲೆ ಎಂತದ್ದು ಅಂತ್ಲೇ ನಂಗೆ ಗೊತ್ತಿಲ್ಲ. ತಗೊಂಡು ಹೋದ್ರು.”

“ಬಿಡಿಸಿಕೊಂಡು ಬರಬೇಕಿಲ್ಲೋ!”

“ಹೋಗ್ಲಿಲ್ವಾ ನಾನು? ಶನಿವಾರ ಸೂಜಿ ಹಾಕಿಸಿದ ಚೀಟಿ ತನ್ನಿ ಅಂದ್ರು. ಚೀಟಿ ಮಾಡಿಸಿ ಬರುವಾಗ ಆಫೀಸು ಬಂದ್. ಆದಿತ್ಯವಾರ ರಜೆ. ನಿನ್ನೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಮೂರು ದಿವಸ ಮುಗಿದಿದೆ, ಸಾಯಿಸುವ ಇಂಜೆಕ್ಷನ್ ಕೊಟ್ಟಾಯ್ತು ಅಂದ್ರು.” ಅವನು ಹಗ್ಗದ ಖಾಲಿ ತುದಿಯನ್ನು ಎತ್ತಿ ಹಿಡಿದ. “ವಿಮಲಾ ಊಟ ಬಿಟ್ಟಿದ್ದಾಳೆ. ನಮ್ಮ ಹೆಸರು ನೀವು ಯಾಕೆ ಕೊಟ್ರಿ? ನಾವು ನಿಮ್ಗೆ ಎಂತ ಮಾಡಿದ್ವು?”

ಹಗ್ಗವನ್ನು ಹೊಸ್ತಿಲ ಮೇಲಿಟ್ಟು ದೇಜಪ್ಪ ಹೊರಟ. ಚಹಾ ಕುಡಿದು ಹೋಗಿ ಎಂದು ಗಿರಿಜವ್ವ ಹಿಂದೆಯೇ ಹೋದಳು. ಅವನು ತಿರುಗಿ ನೋಡಲಿಲ್ಲ.

ಅಂದು ಸಂಜೆ ಆ ಮನೆಯಲ್ಲಿ ಆದ ಜಗಳವನ್ನು ಚಾಳಿನ ಎರಡೂ ಮಾಳಿಗೆಯವರು ಕೇಳಿದರು. ಅಪ್ಪಾಸಾಹೇಬ ಜೀವನದಲ್ಲಿ ಮೊದಲ ಸಲ ಅಪ್ಪನೆದುರು ದನಿ ಎತ್ತಿದ.

“ನಿಲ್ ಅಂತ ಬರದಿದ್ನಲ್ಲಾ! ಎರಡ ಅಕ್ಷರ! ಎರಡ ಅಕ್ಷರ ಇದ್ದಂಗ ಇಟ್ಟಿದ್ರ ಅದು ಬದುಕ್ತಿತ್ತು!”

“ನಾ ಖರೇ ಬರಸೀನಿ.”

“ಖರೇ ಯಾರ್ ಕೇಳಿದ್ರು? ಇಪ್ಪತ್ತಮೂರು ಮನಿಗೆ ನೋಟೀಸ್ ಹೋಗ್ಯಾವು. ಮಾಪಣ್ಣ ಸ್ಟೇಶನ್ನಿನ್ಯಾಗ ನನ್ನ ಮುಖಾ ನೋಡದನ ಹ್ವಾದಾ. ಯಾಕಂತ ಈಗ ತಿಳೀತು. ಮತ್ತ ನೀನು!” ಎಂದು ಮಗಳ ಕಡೆ ತಿರುಗಿದ. “ಕಲತಾಕಿ! ಹನ್ನೊಂದನೇ ಇಯತ್ತೆ!”

ವೇದಾವತಿ ಅಳುತ್ತ ಬಚ್ಚಲಿನ ಕಡೆ ಓಡಿದಳು.

“ಹುಡಿಗಿಗೆ ಏನೂ ಅನಬ್ಯಾಡ,” ಎಂದ ವಿರುಪಾಕ್ಷಪ್ಪ. ಅಷ್ಟೇ ಹೇಳಿದ್ದು. ಹಗ್ಗವನ್ನು ಕೈಗೆ ಸುತ್ತಿಕೊಂಡು ಹಿತ್ತಲಿನ ಕಲ್ಲಿನ ಮೇಲೆ ಹೋಗಿ ಕೂತ. ತಪ್ಪು ತನ್ನದೆಂದು ಅವನಿಗೆ ತಿಳಿದಿತ್ತು. ತಿಳಿದಿದ್ದರೂ ಬಾಯಿಬಿಟ್ಟು ಹೇಳದ ಜನ ನಾವು. ಊಟ ಬಿಡುತ್ತೇವೆ, ಮಾತು ಬಿಡುತ್ತೇವೆ, ತಪ್ಪಾಯಿತು ಎನ್ನುವುದಿಲ್ಲ.

ಗಣಪತಿ ವಿಸರ್ಜನೆಯ ಮರುದಿನ ಕಾಶಿ ಆರು ಮರಿ ಹಾಕಿದಳು. ಮೂರು ಹೆಣ್ಣು, ಮೂರು ಗಂಡು. ಒಂದು ಹೆಣ್ಣು ಮೈಯೆಲ್ಲ ಬಿಳಿ, ಬಲಗಿವಿ ಮಾತ್ರ ಕಂದು. ಬೇರೆ ವರ್ಷವಾದರೆ ಮರಿ ಕಣ್ಣು ಬಿಡುವ ಮೊದಲೇ ಹತ್ತು ಮನೆಯಿಂದ ಕೇಳಿಕೆ ಬರುತ್ತಿತ್ತು. ಈ ಸಲ ಯಾರೂ ಹಿತ್ತಲ ಕಡೆ ಹಾಯಲಿಲ್ಲ. ವಿರುಪಾಕ್ಷಪ್ಪನ ಕೈಯಿಂದ ಮರಿ ತೆಗೆದುಕೊಂಡರೆ ಹೆಸರು ಪಟ್ಟಿಗೆ ಹೋಗುತ್ತದೆ, ಹಿಂದೆಯೇ ವ್ಯಾನು ಬರುತ್ತದೆ ಎಂದು ಡೊಂಬಿವಲಿಯಿಂದ ಕಲ್ಯಾಣದವರೆಗೆ ನಮ್ಮ ಕಡೆಯವರಲ್ಲೆಲ್ಲ ಸುದ್ದಿಯಾಗಿತ್ತು.

ದಿನ ಎಣಿಸುವ ಕೆಲಸ ಶುರುವಾಯಿತು. ನವಂಬರ ಮೊದಲ ವಾರಕ್ಕೆ ಮರಿಗಳಿಗೆ ಎರಡು ತಿಂಗಳು ತುಂಬುತ್ತದೆ. ಇನ್ಸ್‌ಪೆಕ್ಟರೊಬ್ಬರು ಬಂದು ಮರಿಗಳನ್ನು ಎಣಿಸಿ, ಹುಟ್ಟಿದ ದಿನ ಬರೆದುಕೊಂಡು ಹೋದರು. ಒಳ್ಳೆಯ ಮನುಷ್ಯರೇ. ಸುಶೀಲಾಬಾಯಿ ಕೊಟ್ಟ ನೀರು ಕುಡಿದು, ಬಿಳಿ ಮರಿಯನ್ನು ಎತ್ತಿ ಕಿವಿ ನೋಡಿ, “ಸುಂದರ್ ಆಹೆ,” ಎಂದರು. “ಬಾಯಿ, ಅಷ್ಟರೊಳಗೆ ಎಲ್ಲಾದರೂ ಸಾಗಹಾಕಿ. ನನ್ನ ಕೈಯಲ್ಲೇನಿಲ್ಲ,” ಎಂದು ಮರಾಠಿಯಲ್ಲಿ ಹೇಳಿ ಹೋದರು.

ವಿರುಪಾಕ್ಷಪ್ಪ ದಿನಾ ಟೊಪ್ಪಿಗೆ ಹಾಕಿಕೊಂಡು ಹೊರಡುವನು, ಮಧ್ಯಾಹ್ನ ಬಂದು ಹಿತ್ತಲಲ್ಲಿ ಕೂರುವನು. ಎಷ್ಟು ಮನೆಗೆ ಹೋದ, ಯಾರು ಏನಂದರು ಹೇಳುತ್ತಿರಲಿಲ್ಲ. ಅವನು ತಿನ್ನುವ ರೊಟ್ಟಿ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಬಂತು. ಮಗ ಅಪ್ಪನೊಡನೆ ಮಾತು ಬಿಟ್ಟಿದ್ದ. ಉಪ್ಪು ಬೇಕಾದರೂ ಮಗಳ ಮುಖಾಂತರ ಕೇಳುತ್ತಿದ್ದ. ಮರಿಗಳು ಹಾಲು ಸಾಲದೆ ಕುಂಯ್‌ಗುಡುವುದು, ಗಿರಿಜವ್ವ ಜಪಮಣಿ ಹಿಡಿದು ನಿಟ್ಟುಸಿರು ಬಿಡುವುದು, ಸ್ಟೋವು ಭರ್ರೆನ್ನುವುದು. ಇಪ್ಪತ್ತಾರು ರೊಟ್ಟಿಗೆ ಇಪ್ಪತ್ತಾರು ಮಾತಾಡುತ್ತಿದ್ದ ಸುಶೀಲಾಬಾಯಿ ಮಾತನ್ನೇ ನಿಲ್ಲಿಸಿದ್ದಳು. ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಅದೇ.

ದೀಪಾವಳಿಗೆ ಹನ್ನೆರಡು ದಿನವಿದ್ದಾಗ, ಒಂದು ಗುರುವಾರ, ಆಕೆ ಅಡಿಗೆ ಮುಗಿಸಿ ಇಳಕಲ್ ಸೀರೆ ಉಟ್ಟಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು ಒಂದು ಚೀಲದಲ್ಲಿ ಹಾಕಿಕೊಂಡಳು.

“ಎಲ್ಲಿಗೆ?” ಎಂದಳು ಅತ್ತೆ.

“ಕಲ್ಯಾಣಕ್ಕ. ವಿಮಲಾಬಾಯಾರ ಕಡೆ.”

“ಉಡಿ ತುಂಬಿಸಿಕೊಳ್ಳಾಕ ಅವರ ಬರಬೇಕವಾ. ಕೊಡಾವರು ಹೋಗೂ ಪದ್ಧತಿ ಇಲ್ಲ.”

“ಪದ್ಧತಿ ನೋಡ್ಕೋತ ಕುಂತ್ರ ಮಾವಾರು ಉಳೀಬೇಕಲ್ರಿ ಅತ್ತಿ. ನಿನ್ನಿ ಒಂದ ರೊಟ್ಟಿ ಉಂಡಾರ. ಅದರಾಗೂ ಅರ್ಧಾ ಕಾಶಿಗೆ.”

ಹೋಟೆಲಿನ ಹಿಂಬದಿಯ ಒಂದು ಕೋಣೆಯಲ್ಲಿ ದೇಜಪ್ಪನ ಸಂಸಾರ. ವಿಮಲಾ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಸುಶೀಲಾಬಾಯಿ ಹೊರಗೆ ನಿಂತುಕೊಂಡೇ ಹೇಳಿದಳು:

“ತಪ್ಪಾಗೇತ್ರಿ. ನಮ್ಮ ಮಾವಾರು ಅಭಿಮಾನಕ್ಕ ಮಾಡ್ಯಾರ, ಹಗಿತನಕ್ಕಲ್ಲ. ಬೊಳ್ಳಿ ಹೆಸರು ಬರಸುವಾಗ, ಇಷ್ಟ ಛಲೋ ಮನಿ ಮತ್ತೊಂದಿಲ್ಲ ಅಂತ ಹುಡಿಗಿ ಮುಂದ ಹೇಳಿದ್ರಂತ. ಅವರು ಹೇಳಂಗಿಲ್ಲ. ಅದಕ್ಕ ನಾ ಹೇಳಾಕ ಬಂದೇನಿ.”

 ವಿಮಲಾ ಬಾಗಿಲ ಚೌಕಟ್ಟಿನ ಕೆಳಭಾಗ ತೋರಿಸಿದಳು. ಮರ ತುಂಬ ಹಲ್ಲಿನ ಗುರುತು. “ಸಣ್ಣದಿರುವಾಗ ಕಚ್ಚಿ ಕಚ್ಚಿ ಇಟ್ಟದ್ದು. ಪೈಂಟ್ ಮಾಡಿಸ್ತೇನೆ ಅಂತಾರೆ ಇವ್ರು. ನಾನು ಬೇಡ ಹೇಳಿದೆ,” ಎಂದು ಅತ್ತಳು. ಸುಶೀಲಾಬಾಯಿಯೂ ಅತ್ತಳು. ನಾಯಿಗಾಗಿ ತನ್ನ ಕಣ್ಣಲ್ಲಿ ನೀರು ಬಂದದ್ದು ಆಕೆಗೇ ಸೋಜಿಗ. ಆ ಹೊಸ್ತಿಲಲ್ಲೇ ಇಬ್ಬರೂ ಕೂತರು. ಸುಶೀಲಾಬಾಯಿ ಚೀಲ ಬಿಚ್ಚಿ ವಿಮಲಾಳ ಸೆರಗಿಗೆ ಉಡಿ ತುಂಬಿದಳು. ಮರಿಯ ಮಾತು ಎತ್ತಲಿಲ್ಲ.

ಒಂಬತ್ತು ದಿನ ಕಳೆಯಿತು. ಭಾನುವಾರ ಮಧ್ಯಾಹ್ನ ದೇಜಪ್ಪ ಬಂದ, ಹಿಂದೆ ವಿಮಲಾ. ಒಳಗೆ ಬಂದು ಚಾಪೆಯ ಮೇಲೆ ಕೂತರು. ವಿರುಪಾಕ್ಷಪ್ಪ ಎದ್ದು ನಿಂತ, ಮತ್ತೆ ಕೂತ.

“ಒಂದು ಮರಿ ಕೊಡಿ,” ಎಂದ ದೇಜಪ್ಪ. “ಬಿಲ್ಲೆ ಮೊದಲೇ ಮಾಡಿಸ್ತೇನೆ. ಸೂಜಿಯೂ ಹಾಕಿಸ್ತೇನೆ. ಇನ್ನೂ ಐದು ಮನೆಯವರು ಬರ್ತಾರೆ, ಮಾಪಣ್ಣನೂ ಉಂಟು. ನಾನು ಮಾತಾಡಿದ್ದೇನೆ. ಆದ್ರೆ ಒಂದು ಮಾತು. ನಮ್ಮ ಹೆಸರು ನಿಮ್ಮ ಪುಸ್ತಕದಲ್ಲಿ ಬರೀಬಾರ್ದು.”

 ಅಪ್ಪಾಸಾಹೇಬ ಗಂಟಲು ಸರಿಮಾಡಿಕೊಂಡ. ಎರಡು ತಿಂಗಳ ಮೇಲೆ ಅಪ್ಪನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

“ಬಿಲ್ಲೆ ಫಾರ್ಮಿನ್ಯಾಗ, ನಾಯಿ ಎಲ್ಲಿಂದ ಬಂತು ಅಂತ ಕೇಳ್ತಾರ ಅಪ್ಪಾ. ಪರವಾನಗಿ ಇಲ್ಲದ ನಮ್ಮ ಹೆಸರು ಬರದ್ರ ಅವರದೂ ತಪ್ಪಾಗತೈತಿ. ಬೀದ್ಯಾಗ ಸಿಕ್ಕದ್ದು ಅಂತ ಬರದ್ರ ಯಾರೂ ಕೇಳಂಗಿಲ್ಲ. ನಾನ ಹೇಳೇನಿ ಅವರಿಗೆ. ನಿನ್ನೆ ಹೋಟೆಲಿಗೆ ಹೋಗಿದ್ದೆ.”

“ಬೀದ್ಯಾಗ?” ಮುದುಕ ಮಗನ ಕಡೆ ತಿರುಗಿದ. “ಕಾಶಿ ಮರಿ ಬೀದ್ಯಾಗ ಸಿಕ್ಕದ್ದೇನು?”

“ಕಾಗದದಾಗ ಅಷ್ಟ.”

“ಕಾಗದದಾಗ ಬಿಟ್ರ ನನ್ನ ಹತ್ರ ಮತ್ತೇನೈತೋ? ಇಪ್ಪತ್ತೈದು ವರ್ಷದ್ದು ಎಲ್ಲಾ ಕಾಗದದಾಗ ಐತಿ.”

“ಮರಿ ಐತಲ್ಲ,” ಎಂದಳು ಗಿರಿಜವ್ವ. “ಆಯ್ಕೋರಿ. ವ್ಯಾನಿನ್ಯಾಗ ಹೋಗೂದೋ, ಅವರ ಸೆರಗಿನ್ಯಾಗ ಹೋಗೂದೋ.”

ಹಿತ್ತಲಲ್ಲಿ ಕಾಶಿ ಒಮ್ಮೆ ಬೊಗಳಿದಳು. ವಿರುಪಾಕ್ಷಪ್ಪ ಎದ್ದುಹೋಗಿ, ಬಿಳಿ ಮರಿಯನ್ನು ಎತ್ತಿಕೊಂಡು ಬಂದ. ಮಣೆ ಹಾಕಿದರು. ವಿಮಲಾ ಕೂತಳು. ಉಡಿ ತುಂಬುವ ಅಕ್ಕಿಗೆ ಗಿರಿಜವ್ವ ಕೈ ಹಾಕುವಷ್ಟರಲ್ಲಿ, “ನಾ ತುಂಬೇನ್ರಿ ಅತ್ತಿ, ಆಗೇತಿ,” ಎಂದಳು ಸುಶೀಲಾಬಾಯಿ. ವಿರುಪಾಕ್ಷಪ್ಪ ಆಕೆಯ ಮುಖ ನೋಡಿದ. ಗಿರಿಜವ್ವ ಇನ್ನೊಮ್ಮೆಯೂ ತುಂಬಿದಳು. ವಿರುಪಾಕ್ಷಪ್ಪ ಎರಡು ತಿಂಗಳಿಂದ ಕಿಸೆಯಲ್ಲಿಟ್ಟುಕೊಂಡಿದ್ದ ಆ ಕೆಂಪು ಹಗ್ಗವನ್ನೇ ತೆಗೆದ. ಬೊಳ್ಳಿಯ ಹಗ್ಗ. ದೇಜಪ್ಪ ಗುರುತು ಹಿಡಿದ.

“ತಪ್ಪಾತು ದೇಜಪ್ಪ,” ಎಂದ ಮುದುಕ, ಗಂಟು ಹಾಕುತ್ತ, ತಲೆ ಎತ್ತದೆ.

“ಇರ್ಲಿ ಬಿಡಿ ಮಾರಾಯ್ರೆ. ದೀಪಾವಳಿಗೆ ನೋಡ್ಲಿಕ್ಕೆ ಬನ್ನಿ.”

ಅವರು ಹೋದ ಮೇಲೆ ವಿರುಪಾಕ್ಷಪ್ಪ ವಹಿ ತೆಗೆದು ಕಿಟಕಿಯ ಹತ್ತಿರ ಕೂತ. ಬರೆದ: ಹೆಣ್ಣು, ಬಿಳಿ, ಬಲಗಿವಿ ಕಂದು. ತಾಯಿ ಕಾಶಿ, ತಂದೆ ರಾಯ. ಹುಟ್ಟಿದ್ದು ಗಣಪತಿ ಕಳಿಸಿದ ಮರುದಿನ. ಅಲ್ಲಿಗೆ ಪೆನ್ನು ನಿಂತಿತು. ಅಡಿಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಶುರುವಾಗಿತ್ತು, ಅದರ ಜೊತೆಗೆ ಸುಶೀಲಾಬಾಯಿಯ ಮಾತೂ.

ವೇದಾವತಿ ಬಂದು ಪಕ್ಕದಲ್ಲಿ ಕೂತಳು. ಖಾಲಿ ಉಳಿದ ಜಾಗ ನೋಡಿದಳು. “ನಾ ಬರೀಲ್ಯಾ ಅಜ್ಜಾ?” ಎಂದು ಕನ್ನಡದಲ್ಲಿ ಕೇಳಿದಳು.

“ಬ್ಯಾಡವಾ. ನನ್ನ ವಹಿ.”

ಕನ್ನಡಕ ಒರೆಸಿಕೊಂಡು, ಪಟ್ಟಿಯ ಇಪ್ಪತ್ತಮೂರು ಹೆಸರುಗಳ ಕೆಳಗೆ, ಕೊಟ್ಟ ಮನೆಯ ಹೆಸರು ಬರೆಯುವ ಜಾಗದಲ್ಲಿ ವಿರುಪಾಕ್ಷಪ್ಪ ದಪ್ಪ ಅಕ್ಷರದಲ್ಲಿ ‘ನಿಲ್’ ಎಂದು ಬರೆದ. ಶಾಯಿ ಆರುವವರೆಗೆ ಊದಿದ. ಆಮೇಲೆ ಅದರ ಕೆಳಗೆ ಉಳಿದ ಐದು ಮರಿಗಳಿಗೂ ಗೆರೆ ಎಳೆದು ಜಾಗ ಮಾಡಿಟ್ಟು, ವಹಿ ಮುಚ್ಚಿ, ಕೈ ತೊಳೆದು ಊಟಕ್ಕೆ ಕೂತ.